ಗಣಿಯ ನೀರು: ವರದಿಯ ಅಂಕಿಯನ್ನು ಎಷ್ಟು ನಂಬಬೇಕು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಜನರಿಗೆ ಗಣಿಗಾರಿಕೆಯ ಹಾನಿ ಎಂದೊಡನೆ ನೆನಪಾಗುವುದು ಕೆಂಪು ದೂಳು. ಸಂಡೂರಿನ ಬೆಟ್ಟಗಳಿಂದ ಹೊರಟ ಅದಿರಿನ ಲಾರಿಗಳು, ಬಣ್ಣ ಬದಲಿಸಿದ ಹೊಲಗಳು, ಹೂಳು ತುಂಬಿದ ಹಳ್ಳಕೊಳ್ಳಗಳು ಈ ಶತಮಾನದ ಮೊದಲ ದಶಕದ ಮರೆಯಲಾಗದ ಚಿತ್ರಗಳು. 2011ರ ಜುಲೈನಲ್ಲಿ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರ ಲೋಕಾಯುಕ್ತ ವರದಿ ಬಂತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು. 2013ರ ಏಪ್ರಿಲ್ ತೀರ್ಪಿನಲ್ಲಿ ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಅದಿರಿನ ವಾರ್ಷಿಕ ಉತ್ಪಾದನೆಗೆ ಮಿತಿ ಹಾಕಿತು. ಆ ಮಿತಿ ಮುಂದೆ 2017 ಮತ್ತು 2022ರಲ್ಲಿ ಸಡಿಲಗೊಂಡದ್ದೂ ಇತಿಹಾಸವೇ.

ಈ ಅನುಭವದಿಂದ ನಾವು ಕಲಿತ ಪಾಠಗಳೆಲ್ಲ ಕಣ್ಣಿಗೆ ಕಾಣುವ ಹಾನಿಯ ಕುರಿತಾದವು. ಗಡಿ ಒತ್ತುವರಿ, ಅಕ್ರಮ ಸಾಗಣೆ, ದೂಳು, ಹೂಳು ಇವನ್ನು ಅಳೆಯಬಹುದು, ಛಾಯಾಚಿತ್ರ ತೆಗೆಯಬಹುದು, ನ್ಯಾಯಾಲಯದ ಮುಂದಿಡಬಹುದು. ಆದರೆ ಗಣಿಗಾರಿಕೆಗೆ ಇನ್ನೊಂದು ಬಗೆಯ ಹಾನಿಯೂ ಉಂಟು. ಅದು ಗಣಿ ನಡೆಯುವಾಗ ಕಾಣದೇ ಹೋಗಬಹುದು. ಗಣಿ ಮುಚ್ಚಿ, ಕಂಪನಿ ಊರು ಬಿಟ್ಟು, ಕಡತಗಳು ದಾಸ್ತಾನು ಕೋಣೆ ಸೇರಿದ ಮೇಲೆ ಬಾವಿಯ ನೀರಿನಲ್ಲಿ ಕಾಣಿಸಿಕೊಳ್ಳಬಹುದು. ವಿಜ್ಞಾನಿಗಳು ಅದನ್ನು ಆಮ್ಲೀಯ ಗಣಿನೀರು ಎನ್ನುತ್ತಾರೆ. ಸಂಡೂರಿನ ಅದಿರು ಬಹುಪಾಲು ಕಬ್ಬಿಣದ ಆಕ್ಸೈಡ್ ಆದ್ದರಿಂದ ಅಲ್ಲಿ ಈ ತೊಂದರೆ ಮುಖ್ಯವಾಗಿ ತಲೆದೋರಲಿಲ್ಲ. ತಾಮ್ರ, ಚಿನ್ನ, ಸತುವಿನ ಅದಿರಿನ ಮಾತು ಬೇರೆ. ಅವುಗಳ ಜೊತೆಗೆ ಗಂಧಕ ಬೆರೆತಿರುತ್ತದೆ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. 2023ರಲ್ಲಿ ಗಣಿ ಮತ್ತು ಖನಿಜ ಕಾಯ್ದೆಗೆ ತಿದ್ದುಪಡಿಯಾಗಿ, ಚಿನ್ನ, ತಾಮ್ರ, ಸತುವೂ ಸೇರಿದಂತೆ 29 ಖನಿಜಗಳ ಶೋಧಕ್ಕೆ ಖಾಸಗಿಯವರಿಗೆ ಪ್ರತ್ಯೇಕ ಪರವಾನಗಿ ನೀಡುವ ವ್ಯವಸ್ಥೆ ಬಂದಿದೆ. ಅದೇ ವರ್ಷ ಕೇಂದ್ರ ಸರ್ಕಾರ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ತಾಮ್ರವೂ ಸೇರಿದೆ. ನಮ್ಮ ಸೀಮೆಯ ದಕ್ಷಿಣಕ್ಕೆ ಚಿತ್ರದುರ್ಗದ ಶಿಲಾಪಟ್ಟಿ ಹಬ್ಬಿದೆ. ಅಲ್ಲಿಯ ಇಂಗಳದಾಳ್‌ನಲ್ಲಿ ತಾಮ್ರದ ಗಣಿ ನಡೆದು ನಿಂತದ್ದನ್ನು ಹಿರಿಯರು ಬಲ್ಲರು. ಪಶ್ಚಿಮಕ್ಕೆ ಹಾವೇರಿ ಜಿಲ್ಲೆಯ ಗಣಜೂರಿನಲ್ಲಿ ಗಂಧಕಯುಕ್ತ ಶಿಲೆಯಲ್ಲಿ ಚಿನ್ನದ ನಿಕ್ಷೇಪವಿದೆ. ವಿದ್ಯುತ್ ವಾಹನಗಳ ಯುಗದಲ್ಲಿ ಲೋಹದ ಬೇಡಿಕೆ ಏರುತ್ತಲೇ ಹೋಗುವುದರಿಂದ, ಇಂದಲ್ಲ ನಾಳೆ ಇಂತಹ ಗಣಿಯ ಪರಿಸರ ವರದಿಯೊಂದು ನಮ್ಮ ಕೈಗೂ ಬರಲಿದೆ. ಅದರಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ಗಣಿಯಿಂದ ಮುಂದಿನ ಇಷ್ಟು ವರ್ಷಗಳಲ್ಲಿ ನೀರು ಕೆಡುತ್ತದೆ, ಅಥವಾ ಕೆಡುವುದಿಲ್ಲ. ಆ ಸಾಲನ್ನು ಹೇಗೆ ಓದಬೇಕು ಎಂಬುದೇ ಈ ಲೇಖನದ ವಿಷಯ.

ಕಲ್ಲಿನೊಳಗಿನ ಆಮ್ಲ

ಗಂಧಕ ಮತ್ತು ಕಬ್ಬಿಣ ಕೂಡಿದ ಪೈರೈಟ್ ಎಂಬ ಖನಿಜ ನೋಡಲು ಚಿನ್ನದಂತೆಯೇ ಹೊಳೆಯುತ್ತದೆ. ನೆಲದಾಳದಲ್ಲಿ, ಗಾಳಿ ತಾಗದಂತೆ ಇರುವ ತನಕ ಅದು ನಿರುಪದ್ರವಿ. ಗಣಿ ಅಗೆದು, ಕಲ್ಲನ್ನು ಪುಡಿ ಮಾಡಿ, ಬೇಡದ್ದನ್ನು ಗುಡ್ಡ ಹಾಕಿದಾಗ ಗಾಳಿಯ ಆಮ್ಲಜನಕವೂ ಮಳೆಯ ನೀರೂ ಅದನ್ನು ತಲಪುತ್ತವೆ. ಆಗ ಪೈರೈಟ್ ಒಡೆದು ಗಂಧಕಾಮ್ಲ ಹುಟ್ಟುತ್ತದೆ. ಆ ಆಮ್ಲ ಸುತ್ತಲಿನ ಕಲ್ಲಿನಲ್ಲಿರುವ ತಾಮ್ರ, ಸತು, ಕ್ಯಾಡ್ಮಿಯಂಗಳನ್ನು ಕರಗಿಸಿಕೊಂಡು ಹಳ್ಳಕ್ಕೆ, ಅಂತರ್ಜಲಕ್ಕೆ ಇಳಿಯುತ್ತದೆ. ಕಲ್ಲಿನಲ್ಲಿ ಸುಣ್ಣದ ಅಂಶ ಸಾಕಷ್ಟಿದ್ದರೆ ಹುಟ್ಟಿದ ಆಮ್ಲ ಅಲ್ಲಿಯೇ ಶಮನಗೊಳ್ಳುತ್ತದೆ. ಸುಣ್ಣ ಮುಗಿದ ದಿನ ನೀರು ಹುಳಿಯಾಗುತ್ತದೆ.

ನೀರು ಹುಳಿಯಾಗತೊಡಗಿದ ಮೇಲೆ ಕೆಲವು ಬ್ಯಾಕ್ಟೀರಿಯಾಗಳು ಈ ಕ್ರಿಯೆಯನ್ನು ತೀವ್ರಗೊಳಿಸುತ್ತವೆ. ಫಿಲಿಪ್ ಸಿಂಗರ್ ಮತ್ತು ವರ್ನರ್ ಸ್ಟಮ್ ಎಂಬ ವಿಜ್ಞಾನಿಗಳು 1970ರಲ್ಲಿ ತೋರಿಸಿಕೊಟ್ಟಂತೆ, ಆಮ್ಲ ಹುಟ್ಟುವ ಸರಣಿಯ ಅತ್ಯಂತ ನಿಧಾನದ ಹಂತವನ್ನು ಈ ಸೂಕ್ಷ್ಮಜೀವಿಗಳು ಹತ್ತು ಲಕ್ಷ ಪಟ್ಟಿಗೂ ಮೀರಿ ಚುರುಕುಗೊಳಿಸಬಲ್ಲವು. ಅಮೆರಿಕದ ಕ್ಯಾಲಿಫೋರ್ನಿಯಾದ ಐರನ್ ಮೌಂಟನ್ ಗಣಿಯೊಳಗಿನ ನೀರಿನ ಪಿಎಚ್ ಮೌಲ್ಯ ಸೊನ್ನೆಗಿಂತ ಕೆಳಗೆ, ಋಣ 3.6ರಷ್ಟು ದಾಖಲಾಗಿದೆ. ಅಲ್ಲಿ ಉಳಿದಿರುವ ಪೈರೈಟ್ ಇದೇ ವೇಗದಲ್ಲಿ ಕರಗುತ್ತ ಹೋದರೆ ಮೂರು ಸಾವಿರ ವರ್ಷಗಳ ಕಾಲ ಆಮ್ಲ ಹರಿಯಬಹುದೆಂಬ ಅಂದಾಜಿದೆ. ನಮ್ಮಲ್ಲಿಯೂ ಉದಾಹರಣೆಗೆ ಬರವಿಲ್ಲ. ಮೇಘಾಲಯದ ಜೈಂತಿಯಾ ಬೆಟ್ಟಗಳಲ್ಲಿ ಕಲ್ಲಿದ್ದಲಿನ ಇಲಿಬಿಲದ ಗಣಿಗಳು ನದಿಗಳನ್ನೇ ಹುಳಿಯಾಗಿಸಿದವು; ಲೂಖಾ ನದಿಯ ನೀರು ಚಳಿಗಾಲದಲ್ಲಿ ಗಾಢ ನೀಲಿಗೆ ತಿರುಗುವುದು ರಾಷ್ಟ್ರದ ಗಮನ ಸೆಳೆಯಿತು. 2014ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅಂತಹ ಗಣಿಗಾರಿಕೆಯನ್ನು ನಿಷೇಧಿಸಿತು.

ಲೆಕ್ಕ ತಪ್ಪುವುದು ಎಲ್ಲಿ?

ಗಣಿ ಆರಂಭವಾಗುವ ಮೊದಲೇ ಈ ಅಪಾಯವನ್ನು ಅಂದಾಜು ಮಾಡಬೇಕಲ್ಲವೇ? ಅದಕ್ಕೆ ಹಲವು ಹಂತಗಳ ವಿಧಾನವಿದೆ. ಮೊದಲನೆಯದು ಆಮ್ಲ–ಕ್ಷಾರಗಳ ಜಮಾಖರ್ಚು. ಕಲ್ಲಿನಲ್ಲಿ ಶೇ 1ರಷ್ಟು ಗಂಧಕವಿದ್ದರೆ ಅದರಿಂದ ಹುಟ್ಟುವ ಆಮ್ಲವನ್ನು ಶಮನಗೊಳಿಸಲು ಟನ್ನಿಗೆ 31.25 ಕಿಲೋ ಸುಣ್ಣದಕಲ್ಲು ಬೇಕು. ಕಲ್ಲಿನಲ್ಲೇ ಅದಕ್ಕಿಂತ ಹೆಚ್ಚು ಸುಣ್ಣವಿದ್ದರೆ ಜಮೆ, ಇಲ್ಲವಾದರೆ ಖರ್ಚು. ಎರಡನೆಯದು, ಪುಡಿಗಲ್ಲನ್ನು ಪ್ರಯೋಗಾಲಯದ ಪಾತ್ರೆಯಲ್ಲಿಟ್ಟು ವಾರವಾರವೂ ಗಾಳಿ, ನೀರು ಹಾಯಿಸಿ, ಬಸಿದು ಬಂದ ನೀರನ್ನು ಪರೀಕ್ಷಿಸುವುದು. ಈ ಪರೀಕ್ಷೆಗೆ ಕಡಿಮೆಯೆಂದರೆ 20 ವಾರ ಬೇಕು. ಮೂರನೆಯದು, ಈ ಅಂಕಿಗಳನ್ನೆಲ್ಲ ಗಣಕಯಂತ್ರದ ತಂತ್ರಾಂಶಕ್ಕೆ ಊಡಿಸಿ, ಹತ್ತು, ಐವತ್ತು, ನೂರು ವರ್ಷಗಳ ನಂತರದ ನೀರಿನ ಗುಣವನ್ನು ಲೆಕ್ಕ ಹಾಕುವುದು. ಇದೇ ಭೂರಸಾಯನದ ಗಣಿತ ಮಾದರಿ. ಅಮೆರಿಕದ ಭೂವಿಜ್ಞಾನ ಸಮೀಕ್ಷಾ ಸಂಸ್ಥೆ ರೂಪಿಸಿದ ಫ್ರೀಕ್‌ಸಿ ಎಂಬ ತಂತ್ರಾಂಶ ಲೋಕದೆಲ್ಲೆಡೆ ಬಳಕೆಯಲ್ಲಿದೆ, ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು.

ತಂತ್ರಾಂಶದಲ್ಲಿ ದೋಷವಿಲ್ಲ. ಅದು ರಸಾಯನಶಾಸ್ತ್ರದ ಗಟ್ಟಿ ನಿಯಮಗಳನ್ನೇ ಪಾಲಿಸುತ್ತದೆ. ಅನಿಶ್ಚಯ ನುಸುಳುವುದು ಅದಕ್ಕೆ ಊಡಿಸುವ ಅಂಕಿಗಳಲ್ಲಿ. ಒಂದು ಕಾಲ್ಪನಿಕ ಉದಾಹರಣೆಯನ್ನು ಗಮನಿಸಿ. ಒಂದು ಗಣಿಯ ತ್ಯಾಜ್ಯ ಕಲ್ಲಿನಲ್ಲಿ ಸರಾಸರಿ ಶೇ 1 ಗಂಧಕ, ಟನ್ನಿಗೆ 40 ಕಿಲೋಗೆ ಸಮನಾದ ಸುಣ್ಣದ ಅಂಶ ಇದೆಯೆನ್ನೋಣ. ಸರಾಸರಿಯ ಲೆಕ್ಕದಲ್ಲಿ ಸುಣ್ಣವೇ ಮಿಗುತ್ತದೆ. 'ಅಪಾಯವಿಲ್ಲ' ಎಂದು ಬರೆದುಬಿಡಬಹುದು. ಆದರೆ ಬೆಟ್ಟ ಸರಾಸರಿಯಂತೆ ಇರುವುದಿಲ್ಲ. ಒಂದು ಪದರದಲ್ಲಿ ಗಂಧಕ ಶೇ 0.3 ಇದ್ದರೆ, ಪಕ್ಕದ ಪದರದಲ್ಲಿ ಶೇ 2.5 ಇರಬಹುದು. ಆ ಪದರದ ಕಲ್ಲಿಗೆ ಟನ್ನಿಗೆ 78 ಕಿಲೋ ಸುಣ್ಣ ಬೇಕು, ಇರುವುದು 40 ಮಾತ್ರ. ಲಾರಿಗಳು ಆ ಪದರದ ಕಲ್ಲನ್ನು ತಂದು ಒಂದೇ ಮೂಲೆಯಲ್ಲಿ ಸುರಿದರೆ ಆ ಮೂಲೆಯಿಂದ ಆಮ್ಲ ಬಸಿಯುತ್ತದೆ. ಲಕ್ಷಗಟ್ಟಲೆ ಟನ್ ಕಲ್ಲಿನ ಗುಡ್ಡದ ಗುಣವನ್ನು ಕೆಲವೇ ಕಿಲೋ ತುಣುಕುಗಳಿಂದ ಅಳೆಯುವಾಗ ಯಾವ ತುಣುಕನ್ನು ಎತ್ತಿಕೊಂಡರು ಎಂಬುದೇ ನಿರ್ಣಾಯಕವಾಗುತ್ತದೆ.

ಎರಡನೆಯ ಅನಿಶ್ಚಯ ವೇಗದ್ದು. ಪ್ರಯೋಗಾಲಯದಲ್ಲಿ ಕಲ್ಲು ನುಣ್ಣಗೆ ಪುಡಿಯಾಗಿರುತ್ತದೆ, ನೀರು ಹದವಾಗಿ ಸಿಗುತ್ತದೆ. ನಿಜವಾದ ಗುಡ್ಡದಲ್ಲಿ ಬಂಡೆಯೂ ಇದೆ, ಪುಡಿಯೂ ಇದೆ. ನೀರು ತನಗೆ ತೋಚಿದ ಬಿರುಕಿನಲ್ಲಿ ಇಳಿಯುತ್ತದೆ. ಹೀಗಾಗಿ ಪ್ರಯೋಗಾಲಯದಲ್ಲಿ ಕಂಡ ವೇಗಕ್ಕೂ ಬಯಲಿನಲ್ಲಿ ಕಂಡ ವೇಗಕ್ಕೂ ಹತ್ತರಿಂದ ಸಾವಿರ ಪಟ್ಟು ಅಂತರವಿರುವುದು ವಿಜ್ಞಾನಿಗಳಿಗೆ ಹೊಸ ಸಂಗತಿಯೇನಲ್ಲ. ಈ ಅಂತರವನ್ನು ಸರಿದೂಗಿಸಲು ಅವರು ಒಂದು ಗುಣಕವನ್ನು ಊಹಿಸಿಕೊಳ್ಳಬೇಕಾಗುತ್ತದೆ. ಸುಣ್ಣ ಹತ್ತು ವರ್ಷದಲ್ಲಿ ಮುಗಿಯುತ್ತದೋ ನೂರು ವರ್ಷದಲ್ಲಿ ಮುಗಿಯುತ್ತದೋ ಎಂಬುದು ಈ ಒಂದು ಊಹೆಯ ಮೇಲೆ ನಿಂತಿರುತ್ತದೆ.

ಮೂರನೆಯದು ನಮ್ಮ ಸೀಮೆಗೆ ನೇರವಾಗಿ ತಟ್ಟುವಂಥದ್ದು: ಮಳೆ. ಇದು ಬಯಲುಸೀಮೆ, ವರ್ಷದ ಬಹುಭಾಗ ಒಣಹವೆ, ಆಮೇಲೆ ಒಮ್ಮೆಲೇ ಬಿರುಮಳೆ. ಒಣಗಾಲದಲ್ಲಿ ಗಂಧಕದ ಕಲ್ಲಿನ ಮೇಲೆ ಹಳದಿ, ಬಿಳಿ, ಹಸಿರು ಬಣ್ಣದ ಉಪ್ಪು ಹೊಮ್ಮಿ ಕೂಡುತ್ತದೆ. ಆ ಉಪ್ಪಿನಲ್ಲಿ ಆಮ್ಲವೂ ಲೋಹವೂ ಅಡಗಿರುತ್ತವೆ. ಮುಂಗಾರಿನ ಮೊದಲ ಹದಮಳೆ ತಿಂಗಳುಗಟ್ಟಲೆ ಕೂಡಿಟ್ಟ ಈ ವಿಷವನ್ನು ಕೆಲವೇ ಗಂಟೆಗಳಲ್ಲಿ ತೊಳೆದು ಹಳ್ಳಕ್ಕೆ ತಳ್ಳುತ್ತದೆ. ಹೀಗಿರುವಾಗ, ಗಣಿ ಯೋಜನೆಗಳ ಪರಿಸರ ಅಧ್ಯಯನಕ್ಕೆ ಕೇಂದ್ರ ಸಚಿವಾಲಯ ವಿಧಿಸುವ ಸಾಮಾನ್ಯ ನಿಬಂಧನೆ ಏನು? ಮಳೆಗಾಲವನ್ನು ಬಿಟ್ಟು ಉಳಿದ ಯಾವುದಾದರೂ ಒಂದು ಋತುವಿನ ಮೂಲ ಮಾಹಿತಿ ಸಂಗ್ರಹಿಸಿದರೆ ಸಾಕು! ದೂಳಿನ ಅಳತೆಗೆ ಇದು ಒಪ್ಪುವ ಕ್ರಮ ಇರಬಹುದು. ನೀರಿನ ಅಳತೆಗೆ, ಅದರಲ್ಲೂ ಗಂಧಕದ ಅದಿರಿನ ಗಣಿಗೆ, ಇದು ಮದುವೆ ಮುಗಿದ ಮೇಲೆ ಚಪ್ಪರ ನೋಡಲು ಹೋದಂತೆ.

ನಾಲ್ಕನೆಯದು ಇನ್ನೂ ಮೂಲಭೂತವಾದದ್ದು. ನವೋಮಿ ಓರೆಸ್ಕೆಸ್ ಮತ್ತು ಸಂಗಡಿಗರು 1994ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಪ್ರಬಂಧದ ವಾದ ಹೀಗಿದೆ: ಭೂಮಿಯಂತಹ ತೆರೆದ ವ್ಯವಸ್ಥೆಯ ಗಣಿತ ಮಾದರಿಯನ್ನು ಪೂರ್ತಿ ಸತ್ಯವೆಂದು ಸಾಬೀತುಪಡಿಸಲು ಸಾಧ್ಯವೇ ಇಲ್ಲ. ಹಿಂದಿನ ಅಂಕಿಗಳಿಗೆ ಮಾದರಿ ಹೊಂದಿಕೊಂಡಿತು ಎಂದಮಾತ್ರಕ್ಕೆ ಮುಂದಿನದನ್ನೂ ಸರಿಯಾಗಿ ಹೇಳುತ್ತದೆ ಎನ್ನಲಾಗದು. ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡು ಸರಿಯುತ್ತರ ಕೊಟ್ಟಿರಲೂಬಹುದು. ಹಾಗೆಂದು ಮಾದರಿಗಳು ನಿರುಪಯುಕ್ತ ಎಂದು ಆ ಲೇಖಕರು ಹೇಳಲಿಲ್ಲ. ಯಾವ ಪ್ರಶ್ನೆ ಕೇಳಬೇಕು, ಎಲ್ಲಿ ಇನ್ನಷ್ಟು ಅಳೆಯಬೇಕು ಎಂಬುದನ್ನು ತೋರಿಸುವುದೇ ಅವುಗಳ ನಿಜವಾದ ಉಪಯೋಗ ಎಂದರು.

ಈ ಅನಿಶ್ಚಯ ಬರೀ ಪಂಡಿತರ ಚರ್ಚೆಯಲ್ಲ ಎಂಬುದಕ್ಕೆ ಪುರಾವೆಯಿದೆ. ಅಮೆರಿಕದಲ್ಲಿ ಜೇಮ್ಸ್ ಕೈಪರ್ಸ್ ಮತ್ತು ಆನ್ ಮೇಸ್ಟ್ ಅವರ ತಂಡ ಲೋಹದ ಗಣಿಗಳ ಪರಿಸರ ವರದಿಗಳನ್ನು ತೆಗೆದು, ಅಲ್ಲಿ ನುಡಿದ ಭವಿಷ್ಯವನ್ನೂ ಮುಂದೆ ನಿಜವಾಗಿ ನಡೆದದ್ದನ್ನೂ ತಾಳೆ ನೋಡಿತು. 2006ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ವಿವರವಾಗಿ ಪರಿಶೀಲಿಸಿದ 25 ಗಣಿಗಳ ಪೈಕಿ 19ರಲ್ಲಿ, ಅಂದರೆ ಶೇ 76ರಷ್ಟು ಗಣಿಗಳಲ್ಲಿ, ಗಣಿಗಾರಿಕೆಯಿಂದಾಗಿ ನೀರಿನ ಗುಣಮಟ್ಟ ನಿಗದಿತ ಮಿತಿಯನ್ನು ಮೀರಿತ್ತು. ನೀರು ಕೆಡದಂತೆ ತಡೆಯುತ್ತವೆ ಎಂದು ವರದಿಗಳು ನೆಚ್ಚಿಕೊಂಡಿದ್ದ ಕ್ರಮಗಳು ಶೇ 64ರಷ್ಟು ಗಣಿಗಳಲ್ಲಿ ವಿಫಲವಾಗಿದ್ದವು. ಅನಿಶ್ಚಯ ಎಂದರೆ ಅಂಕಿ ಆಚೆಗೂ ಈಚೆಗೂ ಸಮಾನವಾಗಿ ಓಲಾಡುವುದು ಎಂದು ನಾವು ಭಾವಿಸುತ್ತೇವೆ. ಇಲ್ಲಿ ತಕ್ಕಡಿ ಒಂದೇ ಕಡೆಗೆ ವಾಲಿತ್ತು ಎಂಬುದು ಯೋಚಿಸಬೇಕಾದ ಸಂಗತಿ. ವರದಿ ಬರೆಸುವವರು ಗಣಿ ಬೇಕೆಂದು ಬಯಸುವವರೇ ಆಗಿರುವಾಗ, ಊಹೆಗೆ ಎಡೆಯಿರುವಲ್ಲೆಲ್ಲ ಅನುಕೂಲಕರ ಊಹೆಯೇ ಆಯ್ಕೆಯಾಗುವುದು ಸಹಜ. ಅದಕ್ಕೆ ಯಾರೂ ಸುಳ್ಳು ಹೇಳಬೇಕಾಗಿಲ್ಲ.

ಕಿರದಳ್ಳಿ ತಾಂಡಾದ ಪಾಠ

ನಮ್ಮ ರಾಜ್ಯದಲ್ಲೇ ಇದರ ಕಹಿ ಉಂಡವರಿದ್ದಾರೆ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಮಂಗಳೂರು ಶಿಲಾಪಟ್ಟಿಯಲ್ಲಿ ಬ್ರಿಟಿಷರ ಕಾಲದಲ್ಲಿ ಚಿನ್ನದ ಗಣಿ ನಡೆದು ನಿಂತಿತ್ತು. ಅದರ ಸಮೀಪದ ಕಿರದಳ್ಳಿ ತಾಂಡಾದ ಜನರ ಮೈಮೇಲೆ ವಿಚಿತ್ರ ಕಲೆ, ಗಂಟುಗಳು ಕಾಣಿಸಿಕೊಂಡವು. ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಅಂಕಿಗಳು ಹೀಗಿವೆ: ಪರೀಕ್ಷಿಸಿದ 59 ಕೊಳವೆಬಾವಿಗಳ ಪೈಕಿ ಶೇ 79ರಲ್ಲಿ ಆರ್ಸೆನಿಕ್ ಪ್ರಮಾಣ ಲೀಟರಿಗೆ 10 ಮೈಕ್ರೊಗ್ರಾಂನ ಮಿತಿಯನ್ನು ದಾಟಿತ್ತು, ಅತಿ ಹೆಚ್ಚೆಂದರೆ 303 ಮೈಕ್ರೊಗ್ರಾಂ ಇತ್ತು. ತಪಾಸಣೆಗೊಳಗಾದ 181 ಜನರಲ್ಲಿ ಶೇ 58.6 ಮಂದಿಗೆ ಆರ್ಸೆನಿಕ್‌ನಿಂದಾಗುವ ಚರ್ಮದ ವಿಕಾರಗಳಿದ್ದವು.

ಈ ಪ್ರಸಂಗದಲ್ಲಿ ಎರಡು ಸೂಕ್ಷ್ಮಗಳಿವೆ. ಒಂದು, ಗಂಧಕದ ಅದಿರಿನ ಜೊತೆಗಿರುವ ಆರ್ಸೆನಿಕ್ ಕರಗಿ ಹರಿಯಲು ನೀರು ಹುಳಿಯಾಗಬೇಕೆಂದೇನೂ ಇಲ್ಲ. ಆಮ್ಲವೆಲ್ಲ ಸುಣ್ಣದಿಂದ ಶಮನಗೊಂಡು, ಪಿಎಚ್ ಮೌಲ್ಯ ಕುಡಿಯುವ ನೀರಿನ ಮಿತಿಯೊಳಗೇ ಇದ್ದರೂ ಆರ್ಸೆನಿಕ್ ನೀರಿನಲ್ಲಿ ಉಳಿಯಬಲ್ಲದು. ಆದ್ದರಿಂದ 'ಆಮ್ಲ ಉತ್ಪತ್ತಿಯಾಗದು' ಎಂಬ ವಾಕ್ಯ ನಿಜವಾಗಿದ್ದರೂ 'ನೀರು ಕೆಡದು' ಎಂಬುದು ನಿಜವಾಗಬೇಕಿಲ್ಲ. ಎರಡು, ಮೇಲ್ಮಣ್ಣಿನಲ್ಲಿ ಸಿಕ್ಕ ಆರ್ಸೆನಿಕ್ ಗಣಿ ತ್ಯಾಜ್ಯದ ಪ್ರಭಾವವನ್ನು ಸೂಚಿಸಬಹುದು ಎಂದಷ್ಟೇ ಆ ಅಧ್ಯಯನ ಎಚ್ಚರದಿಂದ ಹೇಳಿತು. ಗಣಿಗೆ ಮುಂಚೆ ಆ ನೆಲದ ನೀರು ಹೇಗಿತ್ತು ಎಂಬುದರ ದಾಖಲೆಯಿಲ್ಲದ ಕಡೆ ಪ್ರಕೃತಿಯ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಹಾನಿ ಕಣ್ಣೆದುರಿಗೇ ಇದ್ದರೂ ಹೊಣೆಗಾರರನ್ನು ತೋರಿಸಲಾಗದ ಸ್ಥಿತಿ ಅದು.

ಕೂಡ್ಲಿಗಿ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಈಗಾಗಲೇ ಹಲವೆಡೆ ಮಿತಿ ಮೀರಿದೆ. ಇಲ್ಲಿನ ಹಳ್ಳಿ, ತಾಂಡಾಗಳು ಕೊಳವೆಬಾವಿಯನ್ನೇ ನೆಚ್ಚಿಕೊಂಡಿವೆ. ಇಲ್ಲಿನ ಹಳ್ಳಗಳು ಚಿಕ್ಕ ಹಗರಿಯನ್ನು ಸೇರಿ ತುಂಗಭದ್ರಾ ಜಲಾಶಯಕ್ಕೆ ಹೋಗುತ್ತವೆ. ಇಂತಹ ನೆಲದಲ್ಲಿ ನೀರಿನ ಕುರಿತ ಊಹೆ ತಪ್ಪಿದರೆ ಅದನ್ನು ತಾಳಿಕೊಳ್ಳುವ ಶಕ್ತಿ ಜನರಿಗೂ ಇಲ್ಲ, ನೆಲಕ್ಕೂ ಇಲ್ಲ.

ತಪ್ಪಿದರೆ ತೆರುವವರು ಯಾರು?

ಸುಣ್ಣ ಹತ್ತು ವರ್ಷದಲ್ಲಿ ಮುಗಿದರೆ ಗಣಿ ಇನ್ನೂ ನಡೆಯುತ್ತಿರುತ್ತದೆ. ಕಂಪನಿ ಊರಲ್ಲೇ ಇರುತ್ತದೆ. ನೀರನ್ನು ಶುದ್ಧೀಕರಿಸಲು ಅದಕ್ಕೆ ಆದಾಯವೂ ಇರುತ್ತದೆ, ಆದೇಶಿಸಲು ಮಂಡಳಿಯೂ ಇರುತ್ತದೆ. ನೂರು ವರ್ಷದಲ್ಲಿ ಮುಗಿದರೆ ಅಲ್ಲಿ ಉಳಿದಿರುವುದು ಊರು ಮಾತ್ರ. ಹಾಗಾಗಿ ವಿಜ್ಞಾನಿಯ ಪಾಲಿಗೆ ಕೇವಲ ಒಂದು ಗುಣಕವಾದದ್ದು ಗ್ರಾಮಸ್ಥರ ಪಾಲಿಗೆ ಯಾರು ಬೆಲೆ ತೆರಬೇಕು ಎಂಬ ಪ್ರಶ್ನೆಯಾಗುತ್ತದೆ. ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಸಾವಿರ ಎಕರೆಯಷ್ಟು ಹರಡಿಕೊಂಡ 13 ತ್ಯಾಜ್ಯದ ಗುಡ್ಡಗಳು, ಜನರ ಬಾಯಲ್ಲಿ ಸೈನೈಡ್ ಗುಡ್ಡಗಳು, ಗಣಿಯ ಆಯುಷ್ಯ ಮುಗಿದ ಮೇಲೂ ಊರಿನ ತಲೆಯ ಮೇಲೆ ಉಳಿದವು.

ಕಾನೂನು ಇದನ್ನು ಗಮನಿಸಿಲ್ಲವೆಂದಲ್ಲ. ಗಣಿ ಮುಚ್ಚುವ ಯೋಜನೆಯನ್ನೂ ಅದಕ್ಕೆ ಹಣಕಾಸಿನ ಭದ್ರತೆಯನ್ನೂ 2003ರಲ್ಲೇ ಕಡ್ಡಾಯ ಮಾಡಲಾಯಿತು. ಆದರೆ ಆ ಭದ್ರತೆಯ ಮೊತ್ತ ನಿರ್ಧಾರವಾಗುವುದು ನೆಲದ ವಿಸ್ತೀರ್ಣದ ಮೇಲೆ. 2017ರ ಖನಿಜ ಸಂರಕ್ಷಣಾ ನಿಯಮಾವಳಿ 'ಎ' ವರ್ಗದ ಗಣಿಗಳಿಗೆ ಹೆಕ್ಟೇರಿಗೆ 3 ಲಕ್ಷ ರೂಪಾಯಿ ನಿಗದಿ ಮಾಡಿತು. ಆಮ್ಲವನ್ನೇ ಹುಟ್ಟಿಸದ ಸುಣ್ಣದಕಲ್ಲಿನ ಗಣಿಗೂ, ಶತಮಾನಗಳ ಕಾಲ ಆಮ್ಲ ಬಸಿಯಬಲ್ಲ ಗಂಧಕದ ಗಣಿಗೂ ಒಂದೇ ಅಳತೆಗೋಲು! ಕಲ್ಲಿನ ರಸಾಯನಕ್ಕೂ ಭದ್ರತೆಯ ಮೊತ್ತಕ್ಕೂ ಸಂಬಂಧವೇ ಇಲ್ಲದಿದ್ದರೆ ಅನಿಶ್ಚಯದ ಭಾರವೆಲ್ಲ ಸದ್ದಿಲ್ಲದೆ ಸ್ಥಳೀಯರ ಹೆಗಲಿಗೆ ಜಾರುತ್ತದೆ.

ಹಾಗಾದರೆ ಗಣಿಗಳೇ ಬೇಡವೇ? ಆ ವಾದ ಪ್ರಾಮಾಣಿಕವಾಗದು. ಮನೆಯ ತಂತಿಯಿಂದ ಕೈಯ ಮೊಬೈಲ್‌ವರೆಗೆ ತಾಮ್ರವಿಲ್ಲದೆ ನಮಗೆ ನಡೆಯದು. ನಮ್ಮ ನೆಲ ಬೇಡವೆಂದರೆ ಇನ್ಯಾರದೋ ನೆಲ ಅಗೆಯಬೇಕಾಗುತ್ತದೆ. ಗಣಿತ ಮಾದರಿಗಳನ್ನು ಕಸದ ಬುಟ್ಟಿಗೆ ಹಾಕುವುದೂ ಜಾಣತನವಲ್ಲ, ಅವಕ್ಕಿಂತ ಮೇಲಾದ ದಾರಿ ನಮ್ಮಲ್ಲಿಲ್ಲ. ಆದರೆ ಅವುಗಳ ಉತ್ತರವನ್ನು ಒಂದೇ ಅಂಕಿಯಾಗಿ ಸ್ವೀಕರಿಸುವ ರೂಢಿಯನ್ನು ಬಿಡಬೇಕು. 'ಐವತ್ತು ವರ್ಷದ ನಂತರ ಪಿಎಚ್ ಮೌಲ್ಯ 6' ಎಂದು ಬರೆಯುವ ಬದಲು ಅದು ಎಷ್ಟರಿಂದ ಎಷ್ಟರ ನಡುವೆ ಇರಬಹುದು, ಯಾವ ಊಹೆ ಬದಲಾದರೆ ಉತ್ತರ ಬದಲಾಗುತ್ತದೆ ಎಂಬುದನ್ನು ವರದಿ ಹೇಳಬೇಕು. ಪಿಎಚ್ 6ರಿಂದ 4ಕ್ಕೆ ಇಳಿದರೆ ಆಮ್ಲತೆ ನೂರು ಪಟ್ಟು ಹೆಚ್ಚುತ್ತದೆ ಎಂಬುದನ್ನೂ ಓದುಗರಿಗೆ ತಿಳಿಯುವಂತೆ ಹೇಳಬೇಕು. ಗಂಧಕದ ಅದಿರಿನ ಗಣಿಗಳಿಗಾದರೂ ಮುಂಗಾರಿನ ಮೊದಲ ಮಳೆಯೂ ಸೇರಿ ಇಡೀ ವರ್ಷದ ನೀರಿನ ಮಾಹಿತಿ ಕಡ್ಡಾಯವಾಗಬೇಕು. ಸುತ್ತಲಿನ ಪ್ರತಿ ಬಾವಿಯ ಈಗಿನ ಸ್ಥಿತಿ, ಆರ್ಸೆನಿಕ್ ಸಹಿತ, ಗಣಿಗೆ ಮುಂಚೆಯೇ ದಾಖಲಾಗಬೇಕು. ಮಾದರಿಗೆ ಊಡಿಸಿದ ಮೂಲ ಅಂಕಿಗಳು ಬಹಿರಂಗವಾದರೆ ಹತ್ತಿರದ ವಿಶ್ವವಿದ್ಯಾಲಯದ ಅಧ್ಯಾಪಕರೇ ಅವನ್ನು ಮತ್ತೆ ಲೆಕ್ಕ ಹಾಕಿ ನೋಡಬಹುದು. ಭದ್ರತೆಯ ಮೊತ್ತವನ್ನು ಮಾದರಿ ತೋರುವ ಅತಿ ಕೆಟ್ಟ ಸಾಧ್ಯತೆಗೆ ತಕ್ಕಂತೆ ನಿಗದಿಪಡಿಸಿ, ಪ್ರತಿ ಐದು ವರ್ಷಕ್ಕೊಮ್ಮೆ ನಿಜವಾದ ನೀರಿನ ಪರೀಕ್ಷೆಯೊಡನೆ ತಾಳೆ ನೋಡಿ ಏರಿಸುವ ಇಲ್ಲವೇ ಇಳಿಸುವ ವ್ಯವಸ್ಥೆ ಬರಬೇಕು. ಹೀಗೆ ಮಾಡಿದರೆ ಅನಿಶ್ಚಯವನ್ನು ಕಡಿಮೆ ಮಾಡಿಕೊಳ್ಳುವುದು ಕಂಪನಿಗೇ ಲಾಭದ ಬಾಬತ್ತಾಗುತ್ತದೆ. ಇನ್ನಷ್ಟು ಕಲ್ಲು ಪರೀಕ್ಷಿಸಲು, ಇನ್ನಷ್ಟು ವಾರ ಕಾಯಲು ಅದೇ ಮುಂದಾಗುತ್ತದೆ.

ಸಾರ್ವಜನಿಕ ಅಹವಾಲು ಸಭೆಯಲ್ಲಿ ರೈತನೊಬ್ಬ ಎದ್ದುನಿಂತು 'ನಮ್ಮ ಬಾವಿ ಕೆಡುತ್ತದೆಯೇ?' ಎಂದು ಕೇಳಿದರೆ, ಅಧಿಕಾರಿಗಳು ವರದಿಯ ಪುಟ ತಿರುವಿ 'ಇಲ್ಲ' ಎಂದುಬಿಡುವುದು ಸುಲಭ. ವಿಜ್ಞಾನ ಹಾಗೆ ಹೇಳಿರುವುದಿಲ್ಲ. 'ಬಹುಶಃ ಇಲ್ಲ, ಕೆಟ್ಟರೆ ಇಂತಹ ವರ್ಷಗಳ ನಡುವೆ ಕೆಡಬಹುದು, ಕೆಟ್ಟ ದಿನ ಅದರ ಹೊಣೆ ಹೊರಲು ಇಷ್ಟು ಹಣವನ್ನು ತೆಗೆದಿಟ್ಟಿದ್ದೇವೆ' ಎಂಬುದು ಅದರ ಪೂರ್ಣ ಉತ್ತರ. ಈ ಉತ್ತರದ ಮೂರನೆಯ ಭಾಗವನ್ನು ಹೇಳಲಾಗದ ಯಾರಿಗೂ ಮೊದಲನೆಯ ಭಾಗವನ್ನು ಹೇಳುವ ಹಕ್ಕಿಲ್ಲ.